284ರ ರೊಟ್ಟಿ

ಬೂಶ್ತಾ ಹಿಟ್ಟು ಮುಟ್ಟಿ ಮನೆಯ ಸುದ್ದಿ ಹೇಳುತ್ತಿದ್ದ. ಫೆಜ್ ನಗರದ ಆ ಓಣಿಯ ಒಲೆಮನೆಗೆ ದಿನಾ ಬೆಳಿಗ್ಗೆ ಅರವತ್ತು ಮನೆಗಳ ರೊಟ್ಟಿಹಿಟ್ಟು ಹಲಗೆಗಳ ಮೇಲೆ ಬರುತ್ತಿತ್ತು. ಯಾವ ಹಲಗೆ ಯಾರದೆಂದು ಅವನು ಕೇಳಿದವನೇ ಅಲ್ಲ. ಒಮ್ಮೊಮ್ಮೆ ಒಂದು ಉಂಡೆಯನ್ನು ಅದುಮಿ, "ಈ ಮನೇಲಿ ಅಳು ಇದೆ," ಎಂದು ಗೊಣಗುತ್ತಿದ್ದ. ಎರಡು ಸಲ ಅದು ನಿಜವಾದ ಮೇಲೆ ಜನ ಹಲಗೆ ಇಟ್ಟವರೇ ಅವನ ಮುಖ ನೋಡದೆ ಹೊರಟುಬಿಡುತ್ತಿದ್ದರು.

ನಿಲ್ಲುತ್ತಿದ್ದವನು ಅಲ್ಲಾಲ್ ಒಬ್ಬನೇ. ನಿವೃತ್ತ ಲೆಕ್ಕದ ಮೇಷ್ಟ್ರು. ಓದುಬರಹ ಬಾರದ ಬೂಶ್ತಾನಿಗೆ ಅವನು ಕಲಿಸಿದ್ದು ಒಂದೇ ಸಂಖ್ಯೆ.

"284ನ್ನ ಪೂರ್ತಿ ಭಾಗಿಸೋ, ಅದಕ್ಕಿಂತ ಚಿಕ್ಕ ಸಂಖ್ಯೆಗಳು ಐದೇ ಕಣೋ. ಒಂದು, ಎರಡು, ನಾಲ್ಕು, ಎಪ್ಪತ್ತೊಂದು, ನೂರ ನಲವತ್ತೆರಡು. ಕೂಡಿಸಿದ್ರೆ 220. ಆ 220ನ್ನ ಹೀಗೇ ಒಡೆದು ಕೂಡಿಸು, ತಿರುಗಿ 284! ಸ್ನೇಹದ ಸಂಖ್ಯೆಗಳು. 284 ನೀನು, 220 ನಾನು."

"ಅಂದ್ರೆ ನಾನು ಚೂರುಚೂರಾದ್ರೆ ನೀನಾಗ್ತೀನಾ ಮೇಷ್ಟ್ರೇ? ಅಯ್ಯೋ, ಆ ಬೋಳುತಲೆ ನಂಗ್ಯಾಕೆ!"

ಅಂದಿನಿಂದ ಪ್ರತಿ ಶುಕ್ರವಾರ ಅಲ್ಲಾಲ್ ಎರಡು ಪುಟ್ಟ ಉಂಡೆ ತರುತ್ತಿದ್ದ. ಒಂದರ ಮೇಲೆ ಅವನು 220 ಗೀರಿದರೆ, ಇನ್ನೊಂದರ ಮೇಲೆ ಬೂಶ್ತಾ ತನ್ನ ಹಳೆಯ ಮೊಳೆಯಿಂದ 284 ಗೀರುತ್ತಿದ್ದ. ಬೆಂದ ಮೇಲೆ ಅದಲುಬದಲು ಮಾಡಿ ತಿನ್ನುತ್ತಿದ್ದರು. ಆದರೆ ಅರಬ್ಬಿ ಅಕ್ಷರಗಳು ಬಲದಿಂದ ಎಡಕ್ಕೆ ಹೋಗುವುದನ್ನು ಕಂಡಿದ್ದ ಬೂಶ್ತಾ ಅಂಕಿಗಳನ್ನೂ ಹಾಗೆಯೇ ಬಲದಿಂದ ಹೊರಡಿಸುತ್ತಿದ್ದ. ರೊಟ್ಟಿಯ ಮೇಲೆ ಮೂಡುತ್ತಿದ್ದುದು 482. ಹದಿನೆಂಟು ವರ್ಷ ಅಲ್ಲಾಲ್ ತಿದ್ದಿದರೂ ಅವನು ತಿದ್ದಿಕೊಳ್ಳಲಿಲ್ಲ.

ಒಂದು ಶುಕ್ರವಾರ ಹಲ್ಲುನೋವಿನಲ್ಲಿದ್ದ ಅಲ್ಲಾಲ್ ರೇಗಿದ. "482ಕ್ಕೆ ಸ್ನೇಹಿತರೇ ಇಲ್ಲ ಕಣೋ! ಒಂದು, ಎರಡು, ಇನ್ನೂರ ನಲವತ್ತೊಂದು, ಕೂಡಿಸಿದ್ರೆ 244. ಅಲ್ಲಿಂದ ವಾಪಸ್ ಬರೋ ದಾರಿ ಇಲ್ಲ. ನೀನೇ ತಿನ್ನು ಇದನ್ನ!"

ಬೂಶ್ತಾ ಕೆಂಡದಂಥ ರೊಟ್ಟಿಯನ್ನು ಎಂದಿನಂತೆ ಬರಿಗೈಯಲ್ಲಿ ಎತ್ತಿಕೊಂಡ. "ದಾರಿ ಇಲ್ವಾ?" ಎಂದಷ್ಟೇ ಕೇಳಿದ.

ಬುಧವಾರ ಅವನು ಒಲೆಯ ಮುಂದೆಯೇ ಕುಸಿದು ತೀರಿಹೋದ.

ದಾರಿ ಇಲ್ಲವೆಂದು ನಂಬಿಕೊಂಡೇ ಹೋದನೇ? ಮಣ್ಣು ಮಾಡಿ ಬಂದ ಮೇಲೂ ಅಲ್ಲಾಲನನ್ನು ಕೊರೆದದ್ದು ಇದೊಂದೇ.

ಶುಕ್ರವಾರ ಕಾಲು ತಾನಾಗಿ ಒಲೆಮನೆಗೆ ನಡೆಯಿತು. ಈಗ ಒಲೆ ನೋಡುತ್ತಿದ್ದವನು ಬೂಶ್ತಾನ ತಮ್ಮ ಮಿಲೂದ್. ಅಲ್ಲಾಲ್ ಒಂದು ಉಂಡೆಯ ಮೇಲೆ ಉಗುರಿನಿಂದ 220 ಗೀರಿದ. ಇನ್ನೊಂದನ್ನು ಮುಟ್ಟುವ ಧೈರ್ಯ ಸಾಲದೆ ಬೋಳಾಗಿಯೇ ಬಿಟ್ಟ. ಹಾಗೆಂದು ಅವನಿಗೆ ಚೆನ್ನಾಗಿ ನೆನಪಿತ್ತು.

ಬೆಂದು ಬಂದ ಎರಡನೆಯ ರೊಟ್ಟಿಯ ಮೇಲೆ 482 ಇತ್ತು. ಗೀರಿನ ಅಂಚು ಉಬ್ಬಿ ಕಂದಾಗಿತ್ತು. ಹಸಿ ಹಿಟ್ಟಿನಲ್ಲೇ ಬರೆದದ್ದು.

"ಮಿಲೂದ್, ಯಾರಪ್ಪಾ ಇದನ್ನ ಬರೆದಿದ್ದು?"

"ಚೆನ್ನಾಗಿದೆ ಮೇಷ್ಟ್ರೇ! ನೀವೇ ಬರೆದ್ರಲ್ಲ, ಇಲ್ಲೇ ನಿಂತು. ಅಣ್ಣನ ಥರಾನೇ ನಾಲಿಗೆ ಕಚ್ಕೊಂಡು. ಅವನ ಮೊಳೆ ಇನ್ನೂ ನಿಮ್ಮ ಕೈಲೇ ಇದೆ ನೋಡಿ."

ಇತ್ತು. ತುದಿಗೆ ಮೆತ್ತಿದ ಹಿಟ್ಟು ಒಣಗಿತ್ತು.

ಅಲ್ಲಾಲ್ ಮೊಳೆಯನ್ನು ಕೆಳಗಿಡಲು ನೋಡಿದ, ಬೆರಳು ಬಿಡಲೊಲ್ಲವು. ಇನ್ನೊಂದು ಕೈಯಿಂದ ಆ ರೊಟ್ಟಿಯನ್ನು ಅದುಮಿದ. ಅದು 284ರ ಹಾಗೆ ಐದು ಚೂರಾಯಿತು. ಒಂದೊಂದನ್ನೇ ಬಾಯಿಗಿಟ್ಟು, ಪುಡಿಯನ್ನೂ ಬಿಡದೆ ತಿಂದ.

"ಸರಿಯಾಗಿದೆ ಕಣೋ," ಎಂದ ಮೆಲ್ಲಗೆ. "ದಾರಿ ಇದೆ."

"ಮೇಷ್ಟ್ರೇ, ಈಗಷ್ಟೇ ಒಲೆಯಿಂದ ತೆಗೆದದ್ದು!" ಮಿಲೂದ್ ಕೂಗಿದ. "ಕೈ ಸುಡಲಿಲ್ವಾ?"

ಸುಟ್ಟಿರಲಿಲ್ಲ.