ಖಂಡೇಪೂಜೆಯ ರಿವಾಲ್ವರು

ಕುಸುಬಿ ಎಣ್ಣೆಯ ಒಂದು ಗುಣ ನಿಮಗೂ ಗೊತ್ತಿರಬಹುದು: ಸವರಿ ಬಿಟ್ಟರೆ ಕೆಲ ದಿನಗಳಲ್ಲಿ ಅಂಟಾಗಿ, ಆಮೇಲೆ ಅರಗಿನಂತೆ ಗಟ್ಟಿಯಾಗಿ ಕೂತುಬಿಡುತ್ತದೆ. ಬೆಳವಣಕಿಯ ನಮ್ಮ ಮನೆಯಲ್ಲಿ ಪ್ರತಿ ವರ್ಷ ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಕುಡಗೋಲು, ಕೊಡಲಿ, ಸಲಿಕೆಗಳ ನಡುವೆ ಹಿರಿಯರ ಕಾಲದ ರಿವಾಲ್ವರನ್ನೂ ಇಟ್ಟು, ಭಕ್ತಿಯಿಂದ ಇದೇ ಎಣ್ಣೆ ಸವರಿ, ಮೇಲೆ ಅರಿಷಿಣ ಕುಂಕುಮ ಏರಿಸುತ್ತಿದ್ದೆವು. ವರ್ಷಕ್ಕೊಂದು ಪದರು ಕೂತು ಕೂತು ಅದರ ಮೈಮೇಲೆ ಏನು ಕೆತ್ತಿದೆಯೆಂಬುದು ನಮ್ಮಪ್ಪನಿಗೂ ಗೊತ್ತಿರಲಿಲ್ಲ. ಗೊತ್ತಾಗಬೇಕಾದ ಅಗತ್ಯವಾದರೂ ಏನಿತ್ತು? ಇಂಗ್ಲಿಷರ ವಿರುದ್ಧ ಎದ್ದ ನರಗುಂದದ ಬಂಡಾಯದಲ್ಲಿ ಮುತ್ತಜ್ಜ ಹಿಡಿದು ಕಾದಿದ ಆಯುಧವದು ಎಂಬುದು ಮನೆಮಂದಿಗೆಲ್ಲ ಬಾಯಿಪಾಠವಾಗಿತ್ತು.

ಆ ಬಂಡಾಯಕ್ಕೆ ನೂರು ತುಂಬಿದ ವರ್ಷ, ನರಗುಂದದಲ್ಲಿ ಆ ಕಾಲದ ವಸ್ತುಗಳನ್ನು ಜನರಿಗೆ ತೋರಿಸಲು ಜೋಡಿಸಿಡುತ್ತಾರೆಂದು ಕೇಳಿದ್ದೇ ತಡ, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶಾಲೆಯ ಮಾಸ್ತರ ನಾನು. ಯಾರೂ ಕೇಳದಿದ್ದರೂ ಊರ ತುಂಬ ಹೇಳಿಕೊಂಡು ಬಂದೆ. ಆ ಏರ್ಪಾಡು ವಹಿಸಿಕೊಂಡ ಹಿರಿಯರು ಮಾತ್ರ ನಕ್ಕು, "ತರೋದೇನೋ ತರ್ರಿ ಮಾಸ್ತರ್ರ. ಆದ್ರ ಖರೇನ ಆ ಕಾಲದ್ದೇನು ಅಂತ ತಿಳಿದವರಿಗೆ ಒಮ್ಮೆ ತೋರಿಸ್ಕೊಂಡು ಬರ್ರಿ" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಮುತ್ತಜ್ಜನ ಮೇಲೆಯೇ ಸಂಶಯವೇ!

ಮರುದಿನವೇ ಲೈಸೆನ್ಸಿನ ಕಾಗದ ಕಿಸೆಗಿಟ್ಟು, ರಿವಾಲ್ವರನ್ನು ಧೋತರದಲ್ಲಿ ಸುತ್ತಿ ಚೀಲಕ್ಕಿಳಿಸಿ, ರೋಣದ ಮೇಲೆ ಹಾಯ್ದು ಗಜೇಂದ್ರಗಡ ಮುಟ್ಟಿದೆ. ಅಲ್ಲಿ ದಾವಲಸಾಹೇಬರೆಂಬ ಮುದುಕರಿದ್ದರು. ಆಯುಷ್ಯವೆಲ್ಲ ಪಲ್ಟನ್ನಿನಲ್ಲಿ ಬಂದೂಕು ದುರಸ್ತಿ ಮಾಡಿ ಬಂದವರು. ಕೈಗಿತ್ತದ್ದನ್ನು ಮೂಸಿ ನೋಡಿ ಮುಖ ಕಿವುಚಿದರು. "ಇದೇನ್ರಿ, ಒಗ್ಗರಣಿ ಕೊಟ್ಟೀರೇನು?" ಎಂದು ಚಿಮಣಿ ಎಣ್ಣೆಯಲ್ಲಿ ಅರಿವೆ ಅದ್ದಿ ತಿಕ್ಕತೊಡಗಿದರು. ಕೆಂಪು ಕರಗಿತು, ಹಳದಿ ಕರಗಿತು, ಕಡೆಗೆ ಕಪ್ಪು ಕಬ್ಬಿಣ ಹೊರಬಂತು. ನಳಿಗೆಯ ಬುಡದಲ್ಲಿ ಪುಟ್ಟ ಕಿರೀಟದ ಗುರುತು, ಕೆಳಗೆ ಅಂಕಿಗಳ ಸಾಲು ಕಂಡದ್ದೇ ನಾನು ಕೂತಲ್ಲೇ ಕುಣಿದೆ. ಸಾಹೇಬರು ಕುಣಿಯಲಿಲ್ಲ. ಹಿಡಿಕೆಯ ಮೇಲಿನ ಕೊಂಡಿಯೊತ್ತಿ ನಳಿಗೆಯನ್ನು ಬಾಗಿಸಿದರು. ಇಡೀ ರಿವಾಲ್ವರು ನಡುವಿನಲ್ಲಿ ಮಡಚಿಕೊಂಡು ಆರು ತೂತುಗಳ ಗಾಲಿ ತೆರೆದುಕೊಂಡಿತು.

"ನೋಡ್ರಿ, ಇದು ಹಿತ್ತಾಳಿ ಕಾಡತೂಸಿಂದು. ಹಿಂದಿನಿಂದ ತುಂಬೂದು, ಹಿಂಗ ಮಡಚಿದ್ರ ಹಾರಿಸಿದ್ವು ತಾವಾಗೇ ಹೊರಗ ಬೀಳ್ತಾವ. ಬಂಡಾಯದ ಕಾಲದಾಗ ಮುಂದಿನಿಂದ ಮದ್ದು ಸುರುವಿ ಗುಂಡು ಜಡೀತಿದ್ರು. ಈ ಗುರುತು, ಈ ನಂಬರು ನೋಡಿದ್ರ, ಬಂಡಾಯ ಮುಗಿದು ಮೂವತ್ತ್ ವರ್ಷಕ್ಕ ವಿಲಾಯತ್ಯಾಗ ಮಾಡಿದ್ದು. ಭಾಳ ಚಲೋ ಮಾಲು ಬಿಡ್ರಿ."

ಚಲೋ ಮಾಲಂತೆ! ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ಯಾರ ಮುಖ ನೋಡುವುದೂ ಬೇಡವಾಗಿತ್ತು. ಮನೆತನದ ಅಭಿಮಾನವೆಂಬುದು ವಿಚಿತ್ರ ನೋಡಿ. ಸುಳ್ಳು ಹೇಳಬೇಕೆಂದು ಯಾರೂ ಹೊರಟಿರುವುದಿಲ್ಲ, ಒಬ್ಬರು ಸುಮ್ಮನಿದ್ದ ಜಾಗವನ್ನು ಇನ್ನೊಬ್ಬರು ತುಂಬುತ್ತಾರೆ, ಮೂರನೆಯವರು ಅದಕ್ಕೆ ಕೈಮುಗಿಯುತ್ತಾರೆ, ನಾಲ್ಕನೆಯವನು ನನ್ನಂತೆ ಊರ ತುಂಬ ಡಂಗುರ ಹೊಡೆಯುತ್ತಾನೆ. ಮುತ್ತಜ್ಜ ಕಾದಿದ್ದನೋ ಇಲ್ಲವೋ ಎಂಬುದೇ ಈಗ ಅನುಮಾನವಾಯಿತು.

ಮನೆಯಲ್ಲಿ ಆಯಿ, ನನ್ನ ಅಜ್ಜನ ಹೆಂಡತಿ, ಎಂಬತ್ತೈದು ದಾಟಿದವಳು, ಜೋಳ ಹಸನು ಮಾಡುತ್ತ ಕೂತಿದ್ದಳು. "ಎಲ್ಲಾ ಸುಳ್ಳಾತಲ್ಲ ಆಯಿ, ಇದು ಮುತ್ತಜ್ಜಂದಲ್ಲಂತ!" ಎಂದು ಸಿಡುಕಿದೆ.

"ಮುತ್ತಜ್ಜಂದು ಅಂತ ನಾ ಯಾವಾಗ ಹೇಳೇನಿ? ನೀವೇ ಅಂದ್ಕೊಂಡ್ರಿ," ಎಂದಳು ಮೊರ ಕೆಳಗಿಟ್ಟು. "ಬಂಡಾಯಕ್ಕ ನಮ್ಮ ಮಾವ, ನಿಮ್ಮ ಮುತ್ತಜ್ಜ, ಹೋಗಿದ್ದು ಖರೇ. ಆಮ್ಯಾಲ ಸರಕಾರದವರು ಮನಿ ಹೊಕ್ಕು ಅವರ ಕತ್ತಿ ಒಯ್ದ್ರು. ನಾ ಸೊಸಿಯಾಗಿ ಬಂದಾಗ ಖಂಡೇಪೂಜಿ ದಿನ ಆ ಕತ್ತಿ ಇಡೂ ಕಟಗಿ ಮಣಿ ಖಾಲಿನೇ ಇಡ್ತಿದ್ರು. ಆ ಬರೇ ಕಟಗಿಗೆ ಕುಂಕುಮ ಹಚ್ಚಿ, ಕೈ ಮುಗಿದು, ಮಾವ ಅಳ್ತಿದ್ರು ನನ್ನಪ್ಪಾ. ಅದನ್ನ ನೋಡಲಾರದ ನಿಮ್ಮಜ್ಜ ಇದನ್ನ ತಂದ."

ಆಗಲೇ ಆ ಮಣೆಗಾಗಿ ಅಟ್ಟವೇರಿ ಹುಡುಕಿದೆ, ಮೈತುಂಬ ಜೇಡರಬಲೆ ಹತ್ತಿಸಿಕೊಂಡು ಹುಡುಕಿದೆ, ಸಿಕ್ಕಾಗ ಕೂಗಿದ ಕೂಗು ಓಣಿಯ ಕೊನೆಗೆ ಕೇಳಿಸಿರಬೇಕು.

ಮರುದಿನ ನರಗುಂದದಲ್ಲಿ ಹಿರಿಯರ ಮುಂದೆ ಆ ಮಣೆ ಇಟ್ಟೆ. ಅವರು ಆಚೀಚೆ ತಿರುವಿ ನೋಡಿ, "ಇದರ ಮ್ಯಾಲ ಏನೂ ಇಲ್ಲಲ್ರಿ ಮಾಸ್ತರ್ರ?" ಎಂದರು.

"ಅದನ್ನ ತೋರಸಾಕ ತಂದೀನ್ರಿ," ಎಂದು ಆಯಿ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಅಲ್ಲಿ ಜೋಡಿಸಿಟ್ಟಿದ್ದ ಕತ್ತಿಗಳನ್ನು ಸರಿಸಿ ನಟ್ಟನಡುವೆ ಜಾಗ ಮಾಡಿಕೊಟ್ಟರು.