ವಜನ ಇದ್ದವ್ರು ಬೇಕ್ರಿ

ಯಾರ ಮುಂದೂ ಬಾಯಿ ಬಿಡೂದಿಲ್ಲಂತ ಆಣಿ ಮಾಡು ತಂಗಿ. ಹಾಂ, ಈಗ ಕೇಳು.

ನಮ್ಮ ಬಾಜೂಮನಿ ಶಿವಪ್ಪಣ್ಣ, ಒಂದ ಕಡೆ ಡಬ್ಬಿ ಕೂಡ್ಸಿದ್ದ ಹಳೇ ಮೋಟರ್‌ಸೈಕಲ್ ತಂದಾನಲ್ಲ, ಅದರಾಗ ಅವನ ಹೇಂತಿ ಗಿರಿಜಕ್ಕ ಕುಂದ್ರಾಕ ಒಲ್ಲೆ ಅಂದ್ಲು. ಕಡ್ಡಿಯಂಥಾಕಿ, ಹೆದರ್ತಾಳ. ಖಾನಾಪುರದಾಗ ಅಕಿ ತಮ್ಮಂದು ಮುಂದ ಒಂದು, ಹಿಂದ ಎರಡು ಗಾಲಿ ಇರೂ ಮೋಟರ್‌ಸೈಕಲ್ ಐತಿ. 'ಇದನ್ನ ಮಾರಿ ಅಂಥಾದ್ದ ತಗೋ' ಅಂತ ಹಟ ಹಿಡಿದ್ಲು.

ಶಿವಪ್ಪಣ್ಣ ನನ್ನ ಹಂತೇಕ ಬಂದ. "ಅಕ್ಕಾರ, ಖಾನಾಪುರಕ್ಕ ಬರ್ರಿ. ಎರಡೂ ಗಾಡಿ ನೋಡಿ ನೀವ ಹೇಳ್ರಿ. ವಜನ ಇದ್ದವ್ರು ಬೇಕ್ರಿ."

ನನ್ನ ಮಾತಿಗೆ ತೂಕ, ವಜನ ಐತಂತ ತಿಳದು ಇಳಕಲ್ ಸೀರಿ ಉಟ್ಕೊಂಡು ಡಬ್ಬ್ಯಾಗ ಕುಂತು ಹೋದೆ. ಡಬ್ಬಿ ಸುಖಾ ಐತಿ ಬಿಡು, ಕಾಲ ಚಾಚಿ ಕುಂದ್ರಬಹುದು. ತಮ್ಮನ ಗಾಡಿ ನಿಂತಲ್ಲೇ ಗಟ್ಟಿ ನಿಂದರ್ತೈತಿ, ಆದ್ರ ಹೊಳ್ಳಿಸಬೇಕಂದ್ರ ಹ್ಯಾಂಡಲ್ ಜಗ್ಗಿ ಜಗ್ಗಿ ರಟ್ಟಿ ಬೀಳ್ತಾವು. 'ಶಿವಪ್ಪಣ್ಣಂದ ಚಲೋ' ಅನ್ನಾಕ ಬಾಯಿ ತಗದಿದ್ದೆ.

ಅಷ್ಟರಾಗ ಆ ತಮ್ಮ ನಕ್ಕೋತ ಕೇಳಿದ: "ಮಾವ, ಇವತ್ತ ಜ್ವಾಳದ ಚೀಲ ತರಲಿಲ್ಲೇನ್ರಿ? ಡಬ್ಬಿ ಖಾಲಿ ಇದ್ರ ಎಡಕ್ಕ ಹೊಳ್ಳುವಾಗ ಗಾಲಿ ಮ್ಯಾಲ ಏಳ್ತೈತಲ್ಲ?"

"ಅಕ್ಕಾರ ಬಂದಾರಲ್ಲೋ," ಅಂದ ಶಿವಪ್ಪಣ್ಣ.

ಅಲ್ಲೇ ಗಿರಿಜಕ್ಕಗ ಫೋನ್ ಹಚ್ಚಿ, "ನಿನ್ನ ತಮ್ಮಂದ ಚಲೋ ಐತಿ, ಇದನ್ನ ಮಾರಸು" ಅಂದೆ. ಬಸ್ಸಿಗೆ ಮನಿಗೆ ಬಂದೆ. ಅಂವ ಡಬ್ಬ್ಯಾಗ ಹೇರಾಕ ಸಂತ್ಯಾಗ ಚೀಲ ಹುಡಕ್ಕೋತ ಉಳದ.

ತಡಿ, ಬಾಗಲಾ ಬಡದ್ರು. ಅಯ್ಯ, ಶಿವಪ್ಪಣ್ಣನ! ಗಾಡಿ ಓಡ್ಸಿ ನೋಡಾಕ ಗಿರಾಕಿ ಬರ್ತಾರ ಅಂದಿದ್ದ. ಮತ್ತ ವಜನ ಬೇಕಾಗೇತಿ ಕಾಣ್ತೈತಿ. ನಾ ಮನ್ಯಾಗಿಲ್ಲ ಅನ್ನು...