ರೆಕ್ಸಿನ್ ಉಡದೊಳಗೆ ಹದಿನೆಂಟು ದಿನ

ಬಸ್ ಡಿಪೋ ಎದುರಿನ ಸಾಲಿನಲ್ಲಿ ಆಕೆಯದು ಗಾಡಿಗಳ ಸೀಟು ಹೊಲಿಯುವ ಅಂಗಡಿ. ಸೀಟಕ್ಕ ಅಂದರೆ ಎಲ್ಲರಿಗೂ ಗೊತ್ತು. ಆರಡಿಗೆ ಎರಡು ಬೆರಳು ಕಡಿಮೆ, ಅಗಲ ಭುಜ, ಒರಟು ಮಾತು. ಗಂಡ ತೀರಿಕೊಂಡ ಮೇಲೆ ಅವನ ಹೊಲಿಗೆ ಮೆಷಿನ್ನೂ ಅವನ ತಂಗಿಯೂ ಆಕೆಯ ಪಾಲಿಗೆ ಉಳಿದರು. ಮೆಷಿನ್ ಹೇಳಿದ ಮಾತು ಕೇಳುತ್ತಿತ್ತು. ನಾದಿನಿಗೂ ಆಕೆಗೂ ಎಣ್ಣೆ ಸೀಗೇಕಾಯಿ. ಒಂದೇ ಅಡುಗೆಮನೆಯಲ್ಲಿ ಎರಡು ಒಲೆ ಉರಿಯುತ್ತಿದ್ದವು.

ಒಂದು ಬೆಳಿಗ್ಗೆ ಸಿನಿಮಾ ನಿರ್ದೇಶಕನೊಬ್ಬ ಕಾಗದದ ಮೇಲೆ ಚಿತ್ರವೊಂದನ್ನು ಬರೆದುಕೊಂಡು ಬಂದ. ಕಣ್ಣು, ಕೈ ಮನುಷ್ಯನವು, ಮಿಕ್ಕಿದ್ದೆಲ್ಲ ಉಡ.

"ಇಂಥ ವೇಷ ಹೊಲೀತೀಯಾ?"

"ಏಕವಚನ ಬಿಟ್ಟು ಕೇಳಿದ್ರೆ ಹೊಲೀತೀನಿ."

ಅವನು ತಿದ್ದಿಕೊಳ್ಳಲಿಲ್ಲ. ಆದರೂ ಆಕೆ ಒಪ್ಪಿದಳು. ಇಪ್ಪತ್ತು ವರ್ಷದಿಂದ ಆಯತಾಕಾರದ್ದು ಬಿಟ್ಟು ಬೇರೇನನ್ನೂ ಯಾರೂ ಕೇಳಿರಲಿಲ್ಲ. ಹಸಿರು ರೆಕ್ಸಿನ್ನನ್ನು ಪೊರೆಪೊರೆಯಾಗಿ ಕತ್ತರಿಸಿ, ಸ್ಪಂಜು ತುಂಬಿ, ಬೆನ್ನಿಗೆ ಜಿಪ್ ಇಟ್ಟು, ಒಂಬತ್ತು ಅಡಿ ಬಾಲ ಹೊಲಿದಳು. ದವಡೆಯ ಕೆಳಗೆ ಗಾಳಿಗೆ ತೂತು ಇಡುತ್ತೇನೆಂದರೆ ನಿರ್ದೇಶಕ ಬೇಡವೆಂದ. ಕ್ಯಾಮೆರಾಕ್ಕೆ ಕಾಣುತ್ತದಂತೆ.

ಮುಚ್ಚಿಹೋದ ಐಸ್ ಫ್ಯಾಕ್ಟರಿಯಲ್ಲಿ ಚಿತ್ರೀಕರಣ. ಉಡಮನುಷ್ಯನಾಗಬೇಕಿದ್ದ ಜಿಮ್ ಮಾಸ್ಟರ್ ದೀಪಗಳ ಬಿಸಿಗೆ ಹತ್ತೇ ನಿಮಿಷದಲ್ಲಿ ಉಸಿರುಕಟ್ಟಿ ಬಿದ್ದ. ಆಕೆ ಓಡಿಹೋಗಿ ಜಿಪ್ ಎಳೆದಳು. ನಿರ್ದೇಶಕ ನಲವತ್ತು ಜನರ ಎದುರು ಆಕೆಯ ಕಡೆ ಬೆರಳು ತೋರಿಸಿದ.

"ಸೀಟು ಹೊಲಿಯೋಳಿಗೆ ಕಲೆ ಕೊಟ್ಟರೆ ಇದೇ ಆಗೋದು. ಹೊಲಿಗೇನೇ ಸರಿ ಇಲ್ಲ."

"ಕುಣಿಯೋಕೆ ಬಾರದೋರಿಗೆ ನೆಲ ಡೊಂಕು," ಎಂದಳು ಆಕೆ. ಕತ್ತರಿ ತೆಗೆದು ದವಡೆಯ ಕೆಳಗೆ ಆರು ಸೀಳು ಹಾಕಿದಳು. ಆಮೇಲೆ ತಾನೇ ವೇಷದೊಳಗೆ ಇಳಿದು ಅರ್ಧ ಗಂಟೆ ದೀಪದ ಕೆಳಗೆ ನಿಂತಳು. ಹೊಲಿಗೆ ಸರಿಯಿದೆಯೆಂದು ತೋರಿಸುವುದಷ್ಟೇ ಆಕೆಯ ಉದ್ದೇಶ. ಆದರೆ ಜಿಮ್ ಮಾಸ್ಟರ್ ಮತ್ತೆ ಒಳಗೆ ಹೋಗಲು ಒಪ್ಪಲಿಲ್ಲ, ಆ ಅಳತೆಯವರು ಬೇರೆ ಯಾರೂ ಸಿಗಲಿಲ್ಲ.

ಹದಿನೆಂಟು ದಿನ ಆಕೆಯೇ ಉಡ. "ಸಿಟ್ಟು ಸಾಲದು, ಇನ್ನೂ ಬೇಕು," ಎಂದು ನಿರ್ದೇಶಕ ಕೂಗುತ್ತಿದ್ದ. ಆಕೆಗೆ ಸಿಟ್ಟಿನ ಬರವಿರಲಿಲ್ಲ. ಅವನ ಮುಖ ನೋಡಿದರೆ ಸಾಕಾಗುತ್ತಿತ್ತು. ಮನೆಗೆ ಬಂದರೆ ಮೈತುಂಬ ಬೆವರುಗುಳ್ಳೆ. "ಈ ವಯಸ್ಸಲ್ಲಿ ಹಲ್ಲಿಯಾಗೋ ಹುಚ್ಚು," ಎಂದು ನಾದಿನಿ ಗೊಣಗುತ್ತಲೇ ಬೆನ್ನಿಗೆ ಪೌಡರ್ ಹಾಕುತ್ತಿದ್ದಳು. ಮೆಲ್ಲಗೇನೂ ಹಾಕುತ್ತಿರಲಿಲ್ಲ.

ಕೊನೆಯ ದಿನ ಉಡಮನುಷ್ಯ ಬೆಂಕಿಗೆ ಬಿದ್ದು ಸಾಯಬೇಕಿತ್ತು. ಡೀಸೆಲ್ ಸುರಿದ ಗೋಣಿಚೀಲಗಳ ನಡುವೆ ನಿಲ್ಲುವಂತೆ ನಿರ್ದೇಶಕ ಹೇಳಿದ.

"ರೆಕ್ಸಿನ್ ಬರೀ ಉರಿಯಲ್ಲ, ಕರಗುತ್ತೆ. ಕರಗಿ ಚರ್ಮಕ್ಕೆ ಅಂಟುತ್ತೆ. ನಾನು ನಿಲ್ಲಲ್ಲ."

"ಒಂದೇ ನಿಮಿಷ. ನೀರಿನ ಬಕೆಟ್ ಇದೆ."

"ಹಾಗಾದ್ರೆ ನೀವೇ ಹಾಕ್ಕೊಳ್ಳಿ."

"ನೀನಿಲ್ಲದಿದ್ರೆ ಇನ್ನೊಬ್ಬ. ಬೆಂಕೀಲಿ ಅಳತೆ ಯಾರಿಗೂ ಕಾಣಲ್ಲ. ಊಟಕ್ಕಿಲ್ಲದೋರು ಗೇಟಲ್ಲಿ ನೂರು ಜನ ನಿಂತಿದ್ದಾರೆ."

ಆಕೆ ಗೇಟಿನ ಕಡೆ ನೋಡಿದಳು. ಜನ ನಿಂತಿದ್ದುದು ನಿಜ. ಕರೆದರೆ ಯಾರಾದರೂ ಬಂದೇ ಬರುತ್ತಿದ್ದರು. ಆಕೆ ವೇಷ ಕಳಚಿ ನೆಲಕ್ಕೆ ಹಾಸಿದಳು, ಮಂಡಿಯೂರಿ ಕೂತಳು, ಕುತ್ತಿಗೆಯಿಂದ ಬಾಲದ ತುದಿಯವರೆಗೆ ಕತ್ತರಿ ಓಡಿಸಿದಳು. ಗಟ್ಟಿ ರೆಕ್ಸಿನ್ನು, ಬೇಗ ಮುಗಿಯುವ ಕೆಲಸವಲ್ಲ. ನಿರ್ದೇಶಕ ಬಾಯಿಗೆ ಬಂದಂತೆ ಬೈದ, ಪೊಲೀಸರನ್ನು ಕರೆಸುತ್ತೇನೆಂದ, ಹಿಡಿಯಿರಿ ಅವಳನ್ನು ಎಂದು ಸುತ್ತಲಿದ್ದವರಿಗೆ ಕೂಗಿದ. ಜಿಮ್ ಮಾಸ್ಟರ್ ಬಂದು ಆಕೆಯ ಪಕ್ಕ ಕೈಕಟ್ಟಿ ನಿಂತ. ಯಾರೂ ಮುಂದೆ ಬರಲಿಲ್ಲ.

ಬೆಂಕಿಯಿಲ್ಲದೆ ಸಿನಿಮಾ ಮುಗಿಯಿತು. ಉಡ ನೀರಿನ ತೊಟ್ಟಿಗೆ ಇಳಿಯುವ ಹಳೆಯ ದೃಶ್ಯವನ್ನೇ ಕೊನೆಗೆ ಅಂಟಿಸಿದರು. ವೇಷ ತಯಾರಿಸಿದವರು ವಿದೇಶಿ ತಂತ್ರಜ್ಞರು ಎಂದು ಪರದೆಯ ಮೇಲೆ ಬಂತು. ಸೀಟಕ್ಕನ ಹೆಸರು ಎಲ್ಲೂ ಇರಲಿಲ್ಲ. ನಾದಿನಿ ಹೇಳದೆ ಕೇಳದೆ ಮ್ಯಾಟಿನಿಗೆ ಹೋಗಿ ಬಂದಳು.

"ನಡಿಗೆ ನೋಡಿದ್ರೇ ನೀನು ಅಂತ ಗೊತ್ತಾಗುತ್ತೆ. ಹಿಂದಿನ ಸೀಟಿನವನು ನಗ್ತಿದ್ದ, ಚೆನ್ನಾಗಿ ಬೈದೆ."

"ನೀನ್ಯಾಕೆ ಬೈದೆ?"

"ನಿನ್ನ ನೋಡಿ ನಗೋಕೆ ನಾನಿದ್ದೀನಲ್ಲ."

ಮರುದಿನ ಸೀಟಕ್ಕ ಅಂಗಡಿ ಮುಚ್ಚಿ ಥಿಯೇಟರಿಗೆ ಹೋದಳು. ನಾಲ್ಕೇ ದಿನಕ್ಕೆ ಸಿನಿಮಾ ಕಿತ್ತಿದ್ದರು. ಗೋಡೆಗೆ ಬೇರೆ ಪೋಸ್ಟರ್ ಅಂಟಿಸುತ್ತಿದ್ದರು. ಆಕೆ ಇವತ್ತಿಗೂ ಅದನ್ನು ನೋಡಿಲ್ಲ. ಯಾರಾದರೂ ಕೇಳಿದರೆ, "ಒಳಗಿಂದ ನೋಡಿದ್ದೀನಿ, ಸಾಕು," ಎಂದು ಮೆಷಿನ್ ತುಳಿಯುತ್ತಾಳೆ.